ಪರದೇಶದ ಶುಶ್ರೂಷಾವೃತ್ತಿಯೂ ವೀಸಾ ಮಾರ್ಗಗಳೂ

‘ಶುಶ್ರೂಷಾ’ ಎಂಬ ಶಬ್ದಕ್ಕೆ ಸೇವೆಯೆಂಬುದು ಮೂಲಾರ್ಥವಲ್ಲ. ‘ಶ್ರು’ ಧಾತುವಿಗೆ ಸನ್ ಪ್ರತ್ಯಯವು ಸೇರಿ ‘ಕೇಳಬೇಕೆಂಬ ಇಚ್ಛೆ’ ಎಂಬ ಅರ್ಥವು ಮೊದಲು ಹುಟ್ಟಿತು. ಹೇಳಿದುದನ್ನು ಮನವಿಟ್ಟು ಕೇಳುವವನೇ ಸೇವಕನೆಂಬ ಭಾವದಿಂದ ಸೇವೆಯೆಂಬ ಅರ್ಥವು ಅನಂತರ ರೂಢಿಗೆ ಬಂತು. ಹಾಗೆಯೇ ‘ವೀಸಾ’ ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ನೋಡಲ್ಪಟ್ಟ ಕಾಗದ’ ಎಂಬುದು ಅದರ ತಾತ್ಪರ್ಯ. ಅಧಿಕಾರಿಯು ನೋಡಿ ಒಪ್ಪುವುದಕ್ಕೆ ಮುನ್ನ ಕಾಗದವೊಂದು ಸಿದ್ಧವಾಗಿರಬೇಕಷ್ಟೆ. ಪರದೇಶದಲ್ಲಿ ದಾದಿಯ ಕೆಲಸವನ್ನು ಬಯಸುವ ನಮ್ಮ ಕಡೆಯ ಹೆಣ್ಣುಮಕ್ಕಳೂ ಅವರ ತಂದೆತಾಯಿಗಳೂ ಮೊದಲು ಕೇಳುವ ಪ್ರಶ್ನೆ “ಯಾವ ದೇಶದ ವೀಸಾ ಸುಲಭ?” ಎಂಬುದು. ಪ್ರಶ್ನೆ ಸಹಜವೇ, ಆದರೆ ಅದು ಕಡೆಯ ಬಾಗಿಲನ್ನು ಮೊದಲು ತಟ್ಟಿದಂತೆ.

ಉಮ್ಮತ್ತೂರಿನಿಂದ ಚಾಮರಾಜನಗರಕ್ಕೂ ಅಲ್ಲಿಂದ ಗುಂಡ್ಲುಪೇಟೆಗೂ ಹೋಗಿ, ಬಂಡೀಪುರದ ಕಾಡನ್ನು ದಾಟಿದರೆ ವಯನಾಡಿನ ಸುಲ್ತಾನ್ ಬತ್ತೇರಿ. ಆ ಕಡೆಯಿಂದ ಇದೇ ರಸ್ತೆಯಲ್ಲಿ ಬಂದು ಮೈಸೂರು ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ, ಕೊಲ್ಲಿ ರಾಷ್ಟ್ರಗಳಿಗೂ ಇಂಗ್ಲೆಂಡಿಗೂ ತೆರಳಿದ ಮಲೆಯಾಳಿ ವಿದ್ಯಾರ್ಥಿನಿಯರು ಅಸಂಖ್ಯ. ಕೇರಳ ಸರ್ಕಾರವು ಹೊರದೇಶಗಳ ಉದ್ಯೋಗಕ್ಕೆ ಜನರನ್ನು ಕಳುಹಿಸಲು ಒಡೆಪೆಕ್ ಎಂಬ ಸಂಸ್ಥೆಯನ್ನು 1977ರಷ್ಟು ಹಿಂದೆಯೇ ಸ್ಥಾಪಿಸಿತು. ಅಲ್ಲಿಯ ಮನೆಮನೆಯಲ್ಲಿ ಅಕ್ಕನೋ ಅತ್ತೆಯೋ ದಾರಿ ತಿಳಿದವರಿರುತ್ತಾರೆ. ನಮ್ಮ ಸೀಮೆಯ ಹುಡುಗಿಗೆ ಆ ಅನುಕೂಲವಿಲ್ಲ. ಅವಳಿಗೆ ಮೊದಲು ಸಿಕ್ಕುವವನು ದಲ್ಲಾಳಿ. ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮವು ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದನ್ನು ಆರಂಭಿಸಿರುವುದು ಈಚಿನ ಸಂಗತಿ. ಹಳ್ಳಿಗಳಲ್ಲಿ ಅದರ ಹೆಸರನ್ನು ಬಲ್ಲವರು ವಿರಳ.

ವೀಸಾದ ಮೊದಲನೆಯ ಕಾಗದವು ಹುಟ್ಟುವುದು ರಾಯಭಾರ ಕಚೇರಿಯಲ್ಲಲ್ಲ, ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಇದನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಹೆಸರಿನ ಹಿಂದೆ ಒಂದೆರಡು ಇನಿಷಿಯಲ್‌ಗಳನ್ನು ಹಚ್ಚುವುದು ರೂಢಿ. ಅದರಲ್ಲೊಂದು ಊರಿನದು, ಇನ್ನೊಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಬರೆದ ಪೂರ್ಣ ನಾಮಗಳಾಗುತ್ತವೆ. ಇದಲ್ಲದೆ ಮಹದೇವ, ಮಾದೇವ ಎಂಬ ಎರಡು ರೂಪಗಳೂ ಈ ಸೀಮೆಯಲ್ಲಿ ಒಬ್ಬನೇ ತಂದೆಯ ಹೆಸರಾಗಿ ನಡೆಯುತ್ತವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ನರ್ಸಿಂಗ್ ಪದವಿ ಪತ್ರದಲ್ಲಿ ಮತ್ತೊಂದು ಇದ್ದರೆ ಮಾತನಾಡುವ ನಮಗೆ ತೊಡಕಿಲ್ಲ. ಪರದೇಶದ ಪರಿಶೀಲಕನಿಗಾದರೋ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಕೊಲ್ಲಿ ರಾಷ್ಟ್ರಗಳ ಪರವಾಗಿ ಡೇಟಾಫ್ಲೋ ಎಂಬ ಸಂಸ್ಥೆಯು ಪ್ರತಿಯೊಂದು ಪ್ರಮಾಣಪತ್ರವನ್ನೂ ಅದನ್ನು ಕೊಟ್ಟ ಕಾಲೇಜು, ಆಸ್ಪತ್ರೆ, ಪರಿಷತ್ತುಗಳಿಂದಲೇ ನೇರವಾಗಿ ವಿಚಾರಿಸಿ ತಾಳೆ ನೋಡುತ್ತದೆ. ಹತ್ತನೆಯ ತರಗತಿಯಲ್ಲಿ ಒಂದು ಅರ್ಜಿಯಿಂದ ತಿದ್ದಬಹುದಾಗಿದ್ದ ಅಕ್ಷರವನ್ನು ಇಪ್ಪತ್ತೈದನೆಯ ವಯಸ್ಸಿನಲ್ಲಿ ತಿದ್ದಿಸಲು ಪ್ರಮಾಣಪತ್ರಗಳೂ ಅಲೆದಾಟವೂ ಬೇಕಾಗುತ್ತವೆ.

ಅನಂತರದ ಕಾಗದ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ. ಮೂರು ವರ್ಷಗಳ ಜಿ.ಎನ್.ಎಂ. ಆಗಲಿ ನಾಲ್ಕು ವರ್ಷಗಳ ಬಿ.ಎಸ್‌ಸಿ. ಆಗಲಿ, ಈ ನೋಂದಣಿಯಿಲ್ಲದವಳನ್ನು ಯಾವ ದೇಶವೂ ದಾದಿಯೆಂದು ಎಣಿಸದು. ಓದು ಮುಗಿದ ಮೇಲೆ ಒಂದೆರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ದುಡಿದ ಅನುಭವವನ್ನು, ಮುಖ್ಯವಾಗಿ ಕೊಲ್ಲಿಯವರು, ಕೇಳುತ್ತಾರೆ.

ಮೂರನೆಯದು ಭಾಷೆ. ನಿಜವಾದ ಕಷ್ಟ ಇರುವುದು ಇಲ್ಲಿಯೇ. ಬ್ರಿಟನ್ನಿನ ಶುಶ್ರೂಷಾ ಪರಿಷತ್ತು ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಕೇಳುವಿಕೆ, ಓದು, ಮಾತುಗಳಿಗೆ ತಲಾ 7, ಬರೆವಣಿಗೆಗೆ 6.5 ಅಂಕಗಳನ್ನು ನಿಗದಿ ಮಾಡಿದೆ. ಅದರ ಬದಲಿಗೆ ವೈದ್ಯಕೀಯ ವೃತ್ತಿಯವರಿಗೆಂದೇ ರಚಿತವಾದ ಓ.ಇ.ಟಿ. ಪರೀಕ್ಷೆಯನ್ನೂ ಬರೆಯಬಹುದು. ಔಷಧದ ಹೆಸರು, ರೋಗಿಯ ವರದಿ ಮೊದಲಾದ ಪರಿಚಿತ ವಿಷಯಗಳೇ ಅದರಲ್ಲಿ ಬರುವುದರಿಂದ ಕನ್ನಡ ಮಾಧ್ಯಮದಿಂದ ಬಂದವರಿಗೆ ಅದೇ ಹೆಚ್ಚು ಅನುಕೂಲವೆಂದು ತೋರುತ್ತದೆ. ವಾರ್ಡಿನಲ್ಲಿ ದಿನವೆಲ್ಲ ಕನ್ನಡದಲ್ಲಿಯೇ ರೋಗಿಯನ್ನು ಸಂತೈಸುವ ಹುಡುಗಿಗೆ ಇಂಗ್ಲಿಷನ್ನು ಓದಿ ಬಲ್ಲ ಶಕ್ತಿಯಿರುತ್ತದೆ, ಕೇಳಿ ಬಲ್ಲ ಶಕ್ತಿ ಕಡಿಮೆ. ಶುಶ್ರೂಷೆಯ ಮೂಲಾರ್ಥವು ಇಲ್ಲಿ ಹೀಗೆ ಪರೀಕ್ಷೆಗೆ ಒಳಗಾಗುವುದು ಒಂದು ಸೋಜಿಗ.

ಇಷ್ಟು ಸಿದ್ಧವಾದ ಮೇಲೆ ದೇಶಗಳ ವಿಚಾರ. ಬ್ರಿಟನ್ 2020ರ ಆಗಸ್ಟ್‌ನಲ್ಲಿ ಆರೋಗ್ಯ ಮತ್ತು ಆರೈಕೆ ಕಾರ್ಯಕರ್ತರಿಗೆಂದು ಪ್ರತ್ಯೇಕ ವೀಸಾವನ್ನು ತಂದಿತು. ಅದರ ಶುಲ್ಕ ಕಡಿಮೆ. ಇತರ ವಲಸೆಗಾರರು ತೆರಬೇಕಾದ ಆರೋಗ್ಯ ಸರ್‌ಚಾರ್ಜ್ ಇಲ್ಲ. ನೋಂದಾಯಿತ ದಾದಿಯು ಗಂಡನನ್ನೂ ಮಕ್ಕಳನ್ನೂ ಕರೆದೊಯ್ಯಬಹುದು. ಆದರೆ ಸರ್ಕಾರದಿಂದ ಲೈಸೆನ್ಸ್ ಪಡೆದ ಆಸ್ಪತ್ರೆಯೊಂದು ಪ್ರಾಯೋಜಕತ್ವದ ಪತ್ರವನ್ನು ಕೊಟ್ಟಲ್ಲದೆ ಅರ್ಜಿಯೇ ಸಲ್ಲದು. ಗಣಕಯಂತ್ರದ ಮೂಲಕ ನಡೆಯುವ ಮೊದಲ ಪರೀಕ್ಷೆಯನ್ನು ಭಾರತದಲ್ಲಿಯೇ ಬರೆಯಬಹುದು; ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯನ್ನು ಅಲ್ಲಿಗೆ ಹೋದ ಮೇಲೆ ಎದುರಿಸಬೇಕು.

ಇಲ್ಲಿ ಒಂದು ಮೋಸದ ಹಾದಿಯಿತ್ತು. 2022ರ ಫೆಬ್ರವರಿಯಲ್ಲಿ ಇದೇ ವೀಸಾವನ್ನು ವೃದ್ಧರ ಆರೈಕೆ ಮಾಡುವ ಕೇರ್ ವರ್ಕರ್‌ಗಳಿಗೂ ವಿಸ್ತರಿಸಲಾಯಿತು. ಭಾಷಾ ಪರೀಕ್ಷೆಯ ಮಟ್ಟ ಕೆಳಗಿನದು, ಪರಿಷತ್ತಿನ ನೋಂದಣಿ ಬೇಡ ಎಂಬ ಕಾರಣದಿಂದ, ಪದವಿ ಪಡೆದ ದಾದಿಯರೂ ದಲ್ಲಾಳಿಗಳಿಗೆ ಲಕ್ಷಗಟ್ಟಲೆ ತೆತ್ತು ಆರೈಕೆದಾರರಾಗಿ ಹೋದರು. ಮಾಲೀಕನ ಲೈಸೆನ್ಸ್ ರದ್ದಾದಾಗ, ಇನ್ನೊಬ್ಬ ಪ್ರಾಯೋಜಕನನ್ನು ಹುಡುಕಿಕೊಳ್ಳಲು ಸಾಮಾನ್ಯವಾಗಿ ಅರುವತ್ತು ದಿನಗಳ ಅವಕಾಶ ಮಾತ್ರ ಉಳಿಯಿತು. 2024ರ ಮಾರ್ಚ್‌ನಿಂದ ಹೊಸದಾಗಿ ಹೋಗುವ ಆರೈಕೆದಾರರು ಕುಟುಂಬವನ್ನು ಕರೆದೊಯ್ಯುವಂತಿಲ್ಲವೆಂದಾಯಿತು; 2025ರ ಜುಲೈ 22ರಿಂದ ಹೊರದೇಶಗಳಿಂದ ಅವರ ನೇಮಕವೇ ನಿಂತಿತು. ನೋಂದಾಯಿತ ದಾದಿಯರ ಮಾರ್ಗವಾದರೋ ಉಳಿದಿದೆ. ಈಗಲೂ ಯಾರಾದರೂ ಬ್ರಿಟನ್ನಿನ ಕೇರ್ ವರ್ಕರ್ ವೀಸಾ ಕೊಡಿಸುವೆನೆಂದು ಮುಂಗಡ ಕೇಳಿದರೆ, ಇಲ್ಲದ ವಸ್ತುವನ್ನು ಮಾರುತ್ತಿದ್ದಾನೆಂದೇ ತಿಳಿಯಬೇಕು.

ಜರ್ಮನಿಯ ಕ್ರಮ ಬೇರೆ. ಅಲ್ಲಿ ಮೊದಲು ನಮ್ಮ ಪದವಿಯನ್ನು ಅವರ ಶಿಕ್ಷಣದೊಡನೆ ಹೋಲಿಸಿ, ಕೊರತೆಗಳನ್ನು ತೋರಿಸುವ ಆದೇಶವನ್ನು ಕೊಡುತ್ತಾರೆ. ಅದನ್ನು ಹಿಡಿದು ಮಾನ್ಯತೆಗಾಗಿಯೇ ಇರುವ ವೀಸಾದ ಮೇಲೆ ಹೋಗಿ, ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ದುಡಿಯುತ್ತಲೇ ತರಬೇತಿಯನ್ನೋ ಪರೀಕ್ಷೆಯನ್ನೋ ಮುಗಿಸಿದರೆ ಪೂರ್ಣ ದಾದಿಯಾಗುತ್ತಾಳೆ. ಹೊರಡುವಾಗ ಸಾಮಾನ್ಯವಾಗಿ ಬಿ-1 ಮಟ್ಟದ, ಮಾನ್ಯತೆಗೆ ಬಿ-2 ಮಟ್ಟದ ಜರ್ಮನ್ ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅದನ್ನು ಕಲಿಸುತ್ತಾರೆ. ಹೊಸ ಭಾಷೆಯೆಂದು ಹೆದರುವವರೇ ಹೆಚ್ಚು. ಆದರೆ ಇಂಗ್ಲಿಷಿನಲ್ಲಿ ಹಿಂದುಳಿದವಳಿಗೂ ಮುಂದಿದ್ದವಳಿಗೂ ಇಲ್ಲಿ ಓಟವು ಒಂದೇ ಗೆರೆಯಿಂದ ಆರಂಭವಾಗುತ್ತದೆ. ಜರ್ಮನ್ ಉದ್ಯೋಗ ಇಲಾಖೆಯು 2021ರ ಡಿಸೆಂಬರ್‌ನಲ್ಲಿ ಕೇರಳದ ನೋರ್ಕಾ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಅಭ್ಯರ್ಥಿನಿಯಿಂದ ನೇಮಕಾತಿಯ ಹಣ ಪಡೆಯುವ ಪದ್ಧತಿಯೇ ಇಲ್ಲ.

ಅಮೆರಿಕದ್ದು ತಾಳ್ಮೆಯ ಮಾರ್ಗ. ದಾದಿಯರಿಗೆಂದಿದ್ದ ಎಚ್-1ಸಿ ತಾತ್ಕಾಲಿಕ ವೀಸಾ 2009ರಲ್ಲಿಯೇ ಮುಗಿಯಿತು. ಈಗ ಮುಖ್ಯವಾಗಿ ಉಳಿದಿರುವುದು ಇ.ಬಿ.-3 ಎಂಬ ಶಾಶ್ವತ ವಾಸದ ವರ್ಗ. ದಾದಿಯರ ಕೊರತೆಯನ್ನು ಸರ್ಕಾರವೇ ಒಪ್ಪಿರುವುದರಿಂದ ಕಾರ್ಮಿಕ ಇಲಾಖೆಯ ಒಂದು ಹಂತದ ವಿಚಾರಣೆ ಅವರಿಗಿಲ್ಲ. ಎನ್.ಸಿ.ಎಲ್.ಇ.ಎಕ್ಸ್. ಪರೀಕ್ಷೆಯನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು. ಆದರೆ ಪ್ರತಿ ದೇಶಕ್ಕೂ ಮಿತಿಯಿರುವ ಕಾರಣ ಭಾರತೀಯರ ಸರತಿಯು ಹತ್ತು ವರ್ಷಗಳಿಗೂ ಮೀರಿ ಬೆಳೆದಿದೆ. ಸರತಿಯನ್ನು ಎಣಿಸುವುದು ಪೌರತ್ವದಿಂದಲ್ಲ, ಹುಟ್ಟಿದ ನೆಲದಿಂದ. ಉಮ್ಮತ್ತೂರಿನಲ್ಲಿ ಹುಟ್ಟಿದವಳು ಲಂಡನ್ನಿನ ಪ್ರಜೆಯಾದರೂ ಸಾಮಾನ್ಯವಾಗಿ ಭಾರತದ ಸಾಲಿನಲ್ಲಿಯೇ ನಿಲ್ಲಬೇಕು.

ಕೊಲ್ಲಿ ರಾಷ್ಟ್ರಗಳು ಹತ್ತಿರ. ಭಾಷಾ ಪರೀಕ್ಷೆಯ ಹೊರೆಯೂ ಅಲ್ಲಿ ಕಡಿಮೆ. ಲೈಸೆನ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಕೆಲವು ತಿಂಗಳಲ್ಲಿಯೇ ಹೊರಡಬಹುದು. ಆದರೆ ಎಷ್ಟು ವರ್ಷ ದುಡಿದರೂ ಆ ನೆಲದಲ್ಲಿ ನೆಲೆಸುವ ಹಕ್ಕು ಸಾಮಾನ್ಯವಾಗಿ ದೊರೆಯುವುದಿಲ್ಲ, ವೀಸಾವು ಮಾಲೀಕನೊಡನೆ ಗಂಟು ಬಿದ್ದಿರುತ್ತದೆ. ಕುವೈತಿನ ನೇಮಕಾತಿಗಳಲ್ಲಿ ದಾದಿಯರಿಂದ ಅಪಾರ ಹಣವನ್ನು ಸುಲಿದ ಪ್ರಕರಣಗಳು ಬಯಲಾದ ಮೇಲೆ, 2015ರಲ್ಲಿ ಭಾರತ ಸರ್ಕಾರವು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಹದಿನೆಂಟು ದೇಶಗಳಿಗೆ ಹೊರಡುವ ದಾದಿಯರಿಗೆ ವಲಸೆ ಅನುಮತಿಯನ್ನು ಕಡ್ಡಾಯ ಮಾಡಿತು. ಪಾಸ್‌ಪೋರ್ಟ್ ಯಾವ ವರ್ಗದ್ದಾದರೂ ದಾದಿಗೆ ಇದು ಅನ್ವಯಿಸುತ್ತದೆ. ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣವೆಂದು ಹೇಳುವ ದಲ್ಲಾಳಿಯು ಈ ರಕ್ಷಣೆಯನ್ನೇ ತಪ್ಪಿಸುತ್ತಿದ್ದಾನೆ.

ಹಣದ ವಿಷಯವೂ ಸ್ಪಷ್ಟವಿದೆ. 1983ರ ವಲಸೆ ಕಾಯಿದೆಯ ನಿಯಮಗಳಂತೆ ನೋಂದಾಯಿತ ಏಜೆಂಟನು ಅಭ್ಯರ್ಥಿನಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಗಿಂತ ಹೆಚ್ಚು ಸೇವಾಶುಲ್ಕವನ್ನು ಪಡೆಯುವಂತಿಲ್ಲ, ರಸೀತಿಯನ್ನು ಕೊಡಲೇಬೇಕು. ಏಜೆಂಟನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಹೊಲವನ್ನು ಒತ್ತೆಯಿಟ್ಟು ಐದಾರು ಲಕ್ಷ ತಂದುಕೊಡುವ ತಂದೆಗೆ ಈ ಪಟ್ಟಿಯನ್ನು ತೆರೆದು ತೋರಿಸಲು ಹತ್ತು ನಿಮಿಷ ಸಾಕು. ಹಣವು ನಿಜವಾಗಿ ಬೇಕಾಗಿರುವುದು ಭಾಷಾ ತರಗತಿಗೆ, ಪರೀಕ್ಷಾ ಶುಲ್ಕಕ್ಕೆ, ಕಾಗದಗಳ ಪರಿಶೀಲನೆಗೆ. ಕೆಲಸ ಕೊಡುವವರು ಇವನ್ನು ಭರಿಸುವುದಾದರೂ ಅದು ಹೆಚ್ಚಾಗಿ ಆಯ್ಕೆಯಾದ ಮೇಲೆಯೇ. ದಾನಿಗಳು ವಿದ್ಯಾರ್ಥಿವೇತನವನ್ನು ಕೊಡುವಾಗ ಕಾಲೇಜಿನ ಶುಲ್ಕದೊಡನೆ ಈ ಬಾಬನ್ನೂ ಸೇರಿಸಿದರೆ, ದಲ್ಲಾಳಿಯ ಮನೆಗೆ ಹೋಗುವ ಕಾಲುಗಳು ಅಷ್ಟುಮಟ್ಟಿಗೆ ಕಡಿಮೆಯಾದಾವು.