ಘಟ್ಟದ ನೆತ್ತಿಯಲ್ಲಿ ಕೆಲವು ನಿಮಿಷ: ಇಗತಪುರಿ, ರೈಲುಗಾಡಿ ಮತ್ತು ಕ್ಯಾಮೆರಾ

ಮುಂಬಯಿಯಿಂದ ನಾಸಿಕದ ಕಡೆಗೆ ಹೊರಟ ರೈಲುಗಾಡಿಯು ಕಲ್ಯಾಣವನ್ನು ಹಿಂದಿಕ್ಕಿ ಕಸಾರಾ ತಲುಪುವ ಹೊತ್ತಿಗೆ ಸಹ್ಯಾದ್ರಿಯು ಎದುರಿಗೆ ಗೋಡೆಯಂತೆ ನಿಂತಿರುತ್ತದೆ. ಕಸಾರಾದಿಂದ ಇಗತಪುರಿಗೆ ಸುಮಾರು 14 ಕಿಲೋಮೀಟರ್ ಮಾತ್ರ. ಅಷ್ಟು ಅಲ್ಪ ದೂರದಲ್ಲಿ ಗಾಡಿಯು ಸುಮಾರು 300 ಮೀಟರ್ ಮೇಲೇರಬೇಕು. 37 ಅಡಿ ಮುಂದುವರಿದರೆ 1 ಅಡಿ ಏರುವಷ್ಟು ಕಡಿದಾದ ಈ ಹಾದಿಗೆ ಥಳ ಘಾಟ್ ಎಂದು ಹೆಸರು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಇದನ್ನು ಸಂಚಾರಕ್ಕೆ ತೆರೆದದ್ದು 1865ರಲ್ಲಿ.

ಏರು ಮುಗಿದು ಗಾಡಿ ಇಗತಪುರಿಯಲ್ಲಿ ನಿಂತಾಗ ಪ್ರಯಾಣಿಕನಿಗೆ ಕಾಣುವುದು ಚಹಾದ ಲೋಟ, ವಡೆಯ ತಟ್ಟೆ, ಮಳೆಗಾಲವಾದರೆ ಕಿಟಕಿಗೆ ಮುತ್ತಿದ ಮಂಜು. ರೈಲುಗಾಡಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸಿಗೆ ಮಾತ್ರ ಈ ನಿಲ್ದಾಣ ಬೇರೊಂದು ಕಾರಣಕ್ಕೆ ಪ್ರಿಯವಾದದ್ದು. ಅನೇಕ ಗಾಡಿಗಳ ಚಾಲಕರು ಬದಲಾಗುವುದು ಇಲ್ಲಿಯೇ.

ಎಂಜಿನ್ನುಗಳ ಆಕರ್ಷಣೆ

ಹವ್ಯಾಸಿಯು ಮೊದಲು ಬರುವುದು ಎಂಜಿನ್ನಿಗಾಗಿ. ಕಡಿದಾದ ಏರಿನಲ್ಲಿ ಮುಂದಿನ ಎಂಜಿನ್ ಒಂದೇ ಇಡೀ ಗಾಡಿಯನ್ನು ಎಳೆದರೆ ಬೋಗಿಗಳ ನಡುವಣ ಕೊಂಡಿಗಳ ಮೇಲೆ ವಿಪರೀತ ಭಾರ ಬೀಳುತ್ತದೆ. ಆದುದರಿಂದ ಕಸಾರಾದಲ್ಲಿ ಗಾಡಿಯ ಹಿಂಬದಿಗೆ 'ಬ್ಯಾಂಕರ್' ಎಂಬ ಸಹಾಯಕ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಮುಂದಿನದು ಎಳೆಯುತ್ತದೆ, ಹಿಂದಿನವು ತಳ್ಳುತ್ತವೆ. ದೈವಾತ್ ಕೊಂಡಿ ಕಳಚಿದರೂ ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳದಂತೆ ಅವು ತಡೆಯುತ್ತವೆ. ಇಗತಪುರಿಯಲ್ಲಿ ಅವನ್ನು ಕಳಚಿ ಮರಳಿ ಕಸಾರಾಕ್ಕೆ ಇಳಿಸುತ್ತಾರೆ. 2023ರಲ್ಲಿ ಆರಂಭವಾದ ಮುಂಬಯಿ–ಶಿರ್ಡಿ ವಂದೇ ಭಾರತ್ ಗಾಡಿಗೆ ಈ ನೆರವು ಬೇಕಿಲ್ಲ. ಅದರ ಚಾಲಕಶಕ್ತಿ ಅನೇಕ ಬೋಗಿಗಳ ಅಡಿಯಲ್ಲಿ ಹಂಚಿಹೋಗಿದೆ.

ಹಿಂದೆ ಇಗತಪುರಿಯಲ್ಲಿ ಎಂಜಿನ್ನೂ ಬದಲಾಗುತ್ತಿತ್ತು. ಮುಂಬಯಿಯ ಕಡೆಯಿಂದ ಬಂದ ಮಾರ್ಗದಲ್ಲಿ 1,500 ವೋಲ್ಟಿನ ಏಕಮುಖ ವಿದ್ಯುತ್ತು, ಭುಸಾವಳದ ಕಡೆಗೆ 25,000 ವೋಲ್ಟಿನ ಪರ್ಯಾಯ ವಿದ್ಯುತ್ತು. ಎರಡೂ ವಿದ್ಯುತ್ತಿನಲ್ಲಿ ಓಡಬಲ್ಲ ಎಂಜಿನ್ನುಗಳು ಈ ಮಾರ್ಗಕ್ಕೆ 1990ರ ದಶಕದಲ್ಲಿ ಬಂದವು. ಮುಂಬಯಿಯ ಮಧ್ಯ ರೈಲ್ವೆಯ ಮುಖ್ಯ ಮಾರ್ಗವು ಪರ್ಯಾಯ ವಿದ್ಯುತ್ತಿಗೆ ಬದಲಾದ ಕಾರ್ಯ 2015ರಲ್ಲಿ ಪೂರ್ಣಗೊಂಡಿತು. ಎಂಜಿನ್ ಬದಲಿಸುವ ಅಗತ್ಯ ತೀರಿತು. ಮನುಷ್ಯನನ್ನು ಬದಲಿಸುವ ಅಗತ್ಯ ಉಳಿಯಿತು.

ಹಸ್ತಾಂತರದ ಗಳಿಗೆ

ಗಾಡಿ ಬರುವ ಮೊದಲೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಎಂಜಿನ್ ಬಂದು ನಿಲ್ಲುವ ಸ್ಥಳದಲ್ಲಿ, ಚೀಲ ಹಿಡಿದ ಇಬ್ಬರು ಕಾಯುತ್ತಿರುತ್ತಾರೆ: ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್. ಹಿಂದಿನವರು ಇವರನ್ನು ಡ್ರೈವರ್, ಅಸಿಸ್ಟೆಂಟ್ ಎಂದು ಕರೆಯುತ್ತಿದ್ದರು. ಗಾರ್ಡ್ ಎಂಬ ಹೆಸರು ಕೂಡ 2022ರಲ್ಲಿ 'ಟ್ರೇನ್ ಮ್ಯಾನೇಜರ್' ಎಂದಾಯಿತು. ಇವರು ಹಾಜರಿ ಹಾಕಿ, ಮದ್ಯ ಸೇವಿಸಿಲ್ಲವೆಂದು ಉಸಿರಿನ ಪರೀಕ್ಷೆ ಕೊಟ್ಟು, ಮುಂದಿನ ಹಾದಿಯಲ್ಲಿ ಎಲ್ಲೆಲ್ಲಿ ವೇಗ ತಗ್ಗಿಸಬೇಕೆಂಬ ಎಚ್ಚರಿಕೆಯ ಪತ್ರವನ್ನು ಪಡೆದು ಬಂದವರು.

ಗಾಡಿ ನಿಲ್ಲುತ್ತದೆ. ಇಳಿಯುವವನು ಎಂಜಿನ್ನಿನ ಗುಣದೋಷವನ್ನು, ಬ್ರೇಕಿನ ಸ್ಥಿತಿಯನ್ನು ಏರುವವನಿಗೆ ಹೇಳುತ್ತಾನೆ. ಸಂಭಾಷಣೆ ಕೆಲವೇ ವಾಕ್ಯಗಳದು. ಆದರೆ ಮುಂಬಯಿಯ ಕಡೆಗೆ ಹೋಗುವ ಗಾಡಿಯಾದರೆ ಈ ವಾಕ್ಯಗಳ ಬೆಲೆ ದೊಡ್ಡದು. ಹೊಸಬನು ಕುಳಿತ ಕೂಡಲೇ ಎದುರಾಗುವುದು ಘಟ್ಟದ ಇಳಿಜಾರು. ಏರುವಾಗ ಬೇಕಾದದ್ದು ಶಕ್ತಿ, ಇಳಿಯುವಾಗ ಬೇಕಾದದ್ದು ಹಿಡಿತ. ಹಿಡಿತ ತಪ್ಪಿದ ಗಾಡಿಯನ್ನು ಏರುಮುಖದ ಪ್ರತ್ಯೇಕ ಹಳಿಗೆ ತಿರುಗಿಸಿ ನಿಲ್ಲಿಸುವ 'ಕ್ಯಾಚ್ ಸೈಡಿಂಗ್' ಎಂಬ ಏರ್ಪಾಡನ್ನು ಇಂಥ ಘಟ್ಟಗಳಿಗಾಗಿಯೇ ರೂಪಿಸಿದ್ದಾರೆ.

ಅನುಭವಿ ಛಾಯಾಗ್ರಾಹಕರು ಕಾಯುವುದು ಈ ಹಸ್ತಾಂತರದ ಗಳಿಗೆಗೆ. ಓಡುವ ಎಂಜಿನ್ನಿನ ಚಿತ್ರವನ್ನು ಘಟ್ಟದ ಯಾವ ತಿರುವಿನಲ್ಲಾದರೂ ತೆಗೆಯಬಹುದು. ಬಾಗಿಲಲ್ಲಿ ಇಬ್ಬರ ಕೈಗಳು ಒಂದೇ ಕಂಬಿಯ ಮೇಲಿರುವುದು, ಇಳಿದವನ ಕಣ್ಣಿನ ದಣಿವು, ಏರುವವನ ಇಸ್ತ್ರಿ ಮಾಸದ ಅಂಗಿ, ಇವು ಇಲ್ಲಿ ಮಾತ್ರ ಸಿಗುತ್ತವೆ.

ದಣಿವಿನ ಲೆಕ್ಕ

ಆ ದಣಿವು ಕೇವಲ ಚಿತ್ರದ ಸೊಗಸಲ್ಲ, ಆರೋಗ್ಯದ ವಿಷಯ. ಮಾನವ ದೇಹಕ್ಕೆ ತನ್ನದೇ ಗಡಿಯಾರವುಂಟು. ನಡುರಾತ್ರಿ ಕಳೆದು ಬೆಳಗಾಗುವವರೆಗಿನ ಗಂಟೆಗಳಲ್ಲಿ, ವಿಶೇಷವಾಗಿ ಸುಮಾರು 2ರಿಂದ 5ರೊಳಗೆ, ದೇಹದ ಉಷ್ಣತೆ ತಗ್ಗುತ್ತದೆ, ಎಚ್ಚರ ಕುಂದುತ್ತದೆ. ಹಗಲಿನಲ್ಲಿ ಮಲಗಿ ಅದನ್ನು ತುಂಬಿಕೊಳ್ಳಲೆಳಸಿದರೆ ಬೆಳಕು, ಸದ್ದು ಮತ್ತು ದೇಹದ ಗಡಿಯಾರ ಮೂರೂ ಅಡ್ಡಬರುತ್ತವೆ. ಹಗಲಿನ ನಿದ್ರೆ ಸಾಮಾನ್ಯವಾಗಿ ರಾತ್ರಿಯದಕ್ಕಿಂತ ಮೊಟಕು. ಇಂದು ರಾತ್ರಿ, ನಾಳೆ ಮಧ್ಯಾಹ್ನ ಎಂದು ಪಾಳಿ ಬದಲಾಗುವವನಿಗೆ ಊಟದ ವೇಳೆಯೂ ಕೆಟ್ಟು ಜೀರ್ಣಶಕ್ತಿ ಹದಗೆಡುತ್ತದೆ.

ಇದನ್ನರಿತೇ ರೈಲ್ವೆಯು ನಿಯಮಗಳನ್ನು ಕಟ್ಟಿದೆ. ಚಾಲಕನು 8 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದು ಬಂದರೆ ತನ್ನ ಕೇಂದ್ರಸ್ಥಾನದಲ್ಲಿ 16 ಗಂಟೆ, ಪರಸ್ಥಳದಲ್ಲಿ 8 ಗಂಟೆ ವಿಶ್ರಾಂತಿ ಸಲ್ಲಬೇಕು. ಪರಸ್ಥಳದಲ್ಲಿ ಮಲಗಲು 'ರನ್ನಿಂಗ್ ರೂಮ್' ಎಂಬ ವಿಶ್ರಾಂತಿಗೃಹಗಳಿವೆ. ಕಣ್ಣು ಮತ್ತು ದೇಹದ ಪರೀಕ್ಷೆ 45ನೆಯ ವಯಸ್ಸಿನವರೆಗೆ 4 ವರ್ಷಕ್ಕೊಮ್ಮೆ, 55ರವರೆಗೆ 2 ವರ್ಷಕ್ಕೊಮ್ಮೆ, ಅನಂತರ ವರ್ಷಂಪ್ರತಿ ನಡೆಯುತ್ತದೆ. ಕೆಂಪು-ಹಸಿರುಗಳ ಭೇದ ತಿಳಿಯದವನಿಗೆ ಈ ಕೆಲಸವಿಲ್ಲ. ಓಡುವ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಗ್ನಲ್ಲಿನ ಬಣ್ಣವನ್ನು ಇಬ್ಬರೂ ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಒಬ್ಬನ ಕಣ್ಣು ತೂಗಿದರೂ ಇನ್ನೊಬ್ಬನ ಧ್ವನಿ ಎಬ್ಬಿಸಲೆಂಬುದು ಇದರ ಹಿಂದಿನ ಉದ್ದೇಶ.

ಛಾಯಾಗ್ರಾಹಕನ ಶಿಸ್ತು

ಹಾಗಾದರೆ ಕ್ಯಾಮೆರಾ ಹಿಡಿದವನು ಹೇಗಿರಬೇಕು? ಮೊದಲನೆಯದಾಗಿ, ಎಂಜಿನ್ನಿನ ಕಡೆಗೆ ಫ್ಲ್ಯಾಷ್ ಹಾರಿಸಬಾರದು. ಕತ್ತಲೆಗೆ ಹೊಂದಿಕೊಂಡ ಕಣ್ಣು ಒಮ್ಮೆ ಕೋರೈಸಿದರೆ ಮತ್ತೆ ಮೊದಲಿನಂತಾಗಲು ಹಲವು ನಿಮಿಷಗಳೇ ಬೇಕು. ಚಾಲಕನಿಗೆ ಮುಂದಿನ ಸಿಗ್ನಲ್ ಅಷ್ಟು ಹೊತ್ತು ಕಾಯುವುದಿಲ್ಲ. ಗಾಡಿ ನಿಂತಿರುವುದರಿಂದ ನಿಲ್ದಾಣದ ದೀಪದ ಬೆಳಕಿನಲ್ಲೇ, ಕಂಬಕ್ಕೆ ಮೈಯೊರಗಿಸಿ ಕೈ ಅಲುಗದಂತೆ ಹಿಡಿದರೆ ಚಿತ್ರ ಮೂಡುತ್ತದೆ. ಮುಂದೀಪದ ಪ್ರಖರತೆ ಅಳತೆಯನ್ನು ಕೆಡಿಸುವುದರಿಂದ ಬೆಳಕನ್ನು ಎಂಜಿನ್ನಿನ ಮಗ್ಗುಲಿನಿಂದ ಅಳೆಯುವುದು ಲೇಸು.

ಎರಡನೆಯದಾಗಿ, ಹಳಿಗೆ ಇಳಿಯಬಾರದು. ಅಪ್ಪಣೆಯಿಲ್ಲದೆ ಹಳಿ ಪ್ರವೇಶಿಸಿದವನಿಗೆ 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನ ಪ್ರಕಾರ 6 ತಿಂಗಳವರೆಗಿನ ಸೆರೆವಾಸ, ಅಥವಾ 1,000 ರೂಪಾಯಿವರೆಗಿನ ದಂಡ, ಅಥವಾ ಎರಡೂ ಸಲ್ಲಬಹುದು. ಕಾಯಿದೆಗಿಂತ ಕಠೋರವಾದದ್ದು ತಲೆಯ ಮೇಲಿನ 25,000 ವೋಲ್ಟ್. ನಿಂತ ಬೋಗಿಯ ಮೇಲೆ ಹತ್ತಿದವನು ತಂತಿಯನ್ನು ಮುಟ್ಟದಿದ್ದರೂ ಅದು ಆತನನ್ನು ಸುಡಬಲ್ಲದು. ಮೂರನೆಯದಾಗಿ, ನಿಲ್ದಾಣದ ಅಧಿಕಾರಿಯನ್ನು ಮೊದಲು ಕಂಡು ಒಪ್ಪಿಗೆ ಕೇಳಬೇಕು. ಮುಖ ತೆಗೆಯುವುದಾದರೆ ಆ ಮುಖದ ಒಡೆಯನನ್ನೂ ಕೇಳಬೇಕು. ಹಸ್ತಾಂತರ ನಡೆದಿರುವಾಗ ಮಾತಿಗೆಳೆಯುವುದು ಸಲ್ಲದು. ಮಾತು ಬೇಕಿದ್ದರೆ ಕೆಲಸ ಮುಗಿಸಿ ಇಳಿದವನೊಡನೆ ಒಂದೆರಡು ವಾಕ್ಯ ಸಾಕು. ಅವನಿಗೆ ನಿದ್ರೆ ಕಾದಿದೆ.

ಊರಿನ ದಾರಿ

ಇಗತಪುರಿಯಲ್ಲಿ ಕಂಡದ್ದು ಕನ್ನಡಿಗರು ಊರಿಗೆ ಹೋಗುವ ದಾರಿಗಳಿಗೂ ಅನ್ವಯಿಸುತ್ತದೆ. ಪುಣೆಯ ಮಾರ್ಗವಾಗಿ ಸೊಲ್ಲಾಪುರ, ಮೀರಜಗಳ ಕಡೆ ಹೊರಟವರು ಕರ್ಜತ್–ಲೋಣಾವಳದ ಬೋರ್ ಘಾಟನ್ನು ಏರುತ್ತಾರೆ. ಗೋವೆಯಿಂದ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ ಏರುವ ಹಾದಿಯದೂ 37ಕ್ಕೆ 1ರ ಚಢಾವೇ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ 50ಕ್ಕೆ 1ರ ಇಳಿಜಾರು, 57 ಸುರಂಗಗಳು.

ಈ ಘಟ್ಟಗಳನ್ನು ಅನೇಕ ಗಾಡಿಗಳು ದಾಟುವುದು ರಾತ್ರಿಯಲ್ಲಿ. ಹಬ್ಬಕ್ಕೆಂದು ಊರಿಗೆ ಹೊರಟ ಸಂಸಾರವು ಮಕ್ಕಳಿಗೆ ಹೊದಿಸಿ, ಬುತ್ತಿಯ ಡಬ್ಬಿಯನ್ನು ತಲೆದೆಸೆಗಿಟ್ಟು ಮಲಗಿರುತ್ತದೆ. ಯಾವುದೋ ನಿಲ್ದಾಣದಲ್ಲಿ ಗಾಡಿ ನಿಂತದ್ದು, ಒಂದು ಸಣ್ಣ ಜಗ್ಗಿನೊಡನೆ ಮತ್ತೆ ಹೊರಟದ್ದು ಅರೆನಿದ್ರೆಯಲ್ಲಿ ತಿಳಿದೂ ತಿಳಿಯದಂತಿರುತ್ತದೆ. ಆ ನಡುವೆ ಎಂಜಿನ್ನಿನ ಬಾಗಿಲಲ್ಲಿ ಒಬ್ಬನು ಇಳಿದು, ಸಾಕಷ್ಟು ನಿದ್ರಿಸಿ ಬಂದ ಇನ್ನೊಬ್ಬನು ಏರಿರುತ್ತಾನೆ. ಒಳ್ಳೆಯ ಛಾಯಾಚಿತ್ರವೊಂದು ಆ ಇಬ್ಬರನ್ನು, ಅವರನ್ನೆಂದೂ ಕಾಣದ ಪ್ರಯಾಣಿಕರ ಮುಂದೆ ತಂದು ನಿಲ್ಲಿಸುತ್ತದೆ.