ಬಣ್ಣದ ಕೆಳಗಿನ ತಗಡು

ಹಳೆಯ ಕಾರೊಂದನ್ನು ಕೊಳ್ಳಲು ಹೊರಟ ಅನುಭವಿಯು ಅದರ ಮುಂಭಾಗದ ಥಳಕಿಗೆ ಮರುಳಾಗುವುದಿಲ್ಲ. ಆತ ನೇರವಾಗಿ ಹಿಂಬದಿಗೆ ಹೋಗಿ, ಚಕ್ರದ ಬಳಿ ಮೊಣಕಾಲೂರಿ ಕುಳಿತು, ಮಡ್‌ಗಾರ್ಡಿನ ಕೆಳ ಅಂಚಿನ ಒಳಮೈಯನ್ನು ಬೆರಳಿನಿಂದ ಸವರುತ್ತಾನೆ. ಡಿಕ್ಕಿಯ ಹಾಸನ್ನು ಎತ್ತಿ ನೆಲದ ತಗಡನ್ನು ತಟ್ಟುತ್ತಾನೆ. ಜೇಬಿನಿಂದ ಪುಟ್ಟ ಅಯಸ್ಕಾಂತವೊಂದನ್ನು ತೆಗೆದು ಬಣ್ಣದ ಮೇಲೆ ಇರಿಸುತ್ತಾನೆ. ಉಕ್ಕು ಇರುವಲ್ಲಿ ಅದು ಅಂಟಿಕೊಳ್ಳುತ್ತದೆ; ದಪ್ಪಗೆ ಪುಟ್ಟಿ ಅಥವಾ ಸೀಸ ತುಂಬಿರುವಲ್ಲಿ ಜಾರಿ ಬೀಳುತ್ತದೆ. ಬಣ್ಣ ಮರೆಮಾಚಿದ್ದನ್ನು ಅಯಸ್ಕಾಂತ ಬಯಲಿಗೆಳೆಯುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಶಿಷ್ಟ ಕಸುಬು ಪ್ರವರ್ಧಮಾನಕ್ಕೆ ಬಂದಿತು. ಕಾರ್ಖಾನೆಯಿಂದ ಹೊರಬಂದ ಸಾಧಾರಣ ಕಾರಿನ ಮಾಡನ್ನು ಕತ್ತರಿಸಿ ತಗ್ಗಿಸುವುದು, ಜೋಡಣೆಯ ಗೆರೆಗಳನ್ನು ಮುಚ್ಚಿ ನಯಗೊಳಿಸುವುದು, ಹಿಂದಿನ ದೀಪಗಳಿಗೆ ಹೊಸ ಗೂಡು ಕಟ್ಟುವುದು, ಹೀಗೆ ಒಬ್ಬೊಬ್ಬರ ಅಭಿರುಚಿಗೆ ತಕ್ಕಂತೆ ಒಂದೊಂದು ಕಾರನ್ನು ಕೈಯಿಂದಲೇ ಮರುರೂಪಿಸುವ ಕಸುಬದು. ಇಂತಹವುಗಳಿಗೆ ಕಸ್ಟಮ್ ಕಾರುಗಳೆಂದು ಹೆಸರು. ಫೋರ್ಡ್ ಸಂಸ್ಥೆಯು 1949ರಿಂದ 1951ರವರೆಗಿನ ಮಾದರಿಗಳಾಗಿ ಹೊರತಂದ ಮರ್ಕ್ಯುರಿ ಕಾರುಗಳು ಈ ಕುಶಲಕರ್ಮಿಗಳಿಗೆ ಅಚ್ಚುಮೆಚ್ಚಾಗಿದ್ದವು. ಕರಗಿಸಿದ ಸೀಸವನ್ನು ಧಾರಾಳವಾಗಿ ಬಳಸುತ್ತಿದ್ದುದರಿಂದ ಜನರು ಅವುಗಳನ್ನು ವಿನೋದವಾಗಿ ‘ಲೆಡ್ ಸ್ಲೆಡ್’, ಅಂದರೆ ಸೀಸದ ಜಾರುಬಂಡಿ ಎಂದು ಕರೆದರು.

ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬಾಬ್ ಹಿರೋಹಾಟ ಎಂಬ ಯುವಕನಿಗಾಗಿ ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಸಹೋದರರ ಕಾರ್ಯಾಗಾರದಲ್ಲಿ 1952ರಲ್ಲಿ ಸಿದ್ಧವಾದ ಮರ್ಕ್ಯುರಿ. ಮುಂದೆ ಆ ಕಾರು ಹಲವು ಕೈಗಳನ್ನು ದಾಟಿ, 1960ರ ಸುಮಾರಿಗೆ ಕೇವಲ 500 ಡಾಲರಿಗೆ ಜಿಮ್ ಮೆಕ್‌ನೀಲ್ ಎಂಬ ತರುಣನ ಪಾಲಾಯಿತು. ಅವರು ಅದನ್ನು ದಶಕಗಳ ಕಾಲ ಕಾಪಾಡಿಕೊಂಡು, 1989ರಲ್ಲಿ ದುರಸ್ತಿಯನ್ನು ಆರಂಭಿಸಿ, ವರ್ಷಗಟ್ಟಲೆ ಶ್ರಮಿಸಿ ಪೂರೈಸಿದರು. 2022ರ ಜನವರಿಯಲ್ಲಿ ಅದೇ ಕಾರು ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಬೆಲೆ ಉಕ್ಕಿಗೆ ಸಂದುದಲ್ಲ. ಆ ಉಕ್ಕನ್ನು ತಿದ್ದಿದ ಕೈಗಳಿಗೆ ಸಂದುದು.

ಇಂತಹ ಕಾರಿನ ಹಿಂಬದಿಯೇ ಮೊದಲು ಕೆಡುವುದೇಕೆ? ಚಕ್ರವು ಎರಚುವ ಕೆಸರು ಹೊರತಗಡು ಮತ್ತು ಒಳತಗಡುಗಳ ನಡುವಿನ ಸಂದಿಯಲ್ಲಿ ಶೇಖರವಾಗುತ್ತದೆ. ಡಿಕ್ಕಿಯ ಮುಚ್ಚಳದ ರಬ್ಬರು ಸವೆದಾಗ ಮಳೆನೀರು ಒಳಗಿಳಿಯುತ್ತದೆ. ನೀರು ಹರಿದುಹೋಗಲೆಂದು ಕೊರೆದ ತೂತುಗಳು ಮಣ್ಣಿನಿಂದ ಮುಚ್ಚಿಹೋಗಿರುತ್ತವೆ. ಕಸ್ಟಮ್ ಕಾರಿನಲ್ಲಿ ಇನ್ನೊಂದು ಕಾರಣವೂ ಇದೆ. ಹೊಸ ದೀಪಗಳಿಗಾಗಿ ತಗಡನ್ನು ಬೆಸೆದಾಗ ಒಳಮೈಯ ಬಣ್ಣ ಸುಟ್ಟುಹೋಗಿರುತ್ತದೆ. ಸೀಸ ಹಿಡಿಯಲೆಂದು ಹಚ್ಚಿದ ಆಮ್ಲದ್ರಾವಣವನ್ನು ಸರಿಯಾಗಿ ತೊಳೆಯದಿದ್ದರೆ ಅದು ಅಲ್ಲಿಯೇ ಉಳಿದು, ಮೇಲೆ ಬಣ್ಣ ಮಿನುಗುತ್ತಿರುವಂತೆಯೇ ಕೆಳಗೆ ತಗಡನ್ನು ತಿನ್ನುತ್ತಿರುತ್ತದೆ.

ದುರಸ್ತಿಗಾರನ ಧರ್ಮಸಂಕಟ ಇಲ್ಲಿಂದ ಪ್ರಾರಂಭವಾಗುತ್ತದೆ. ತುಕ್ಕು ಹಿಡಿದ ಹಿಂಬದಿಯನ್ನು ಇಡಿಯಾಗಿ ಕತ್ತರಿಸಿ ಎಸೆದರೆ ಕೆಲಸವೇನೋ ಸುಲಭ. ಆದರೆ ಅದರೊಂದಿಗೆ ಗತಿಸಿದ ಕುಶಲಕರ್ಮಿಯ ಕೈಚಳಕವೂ ಗುಜರಿಗೆ ಸೇರುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ತಗಡು ಕಾರ್ಖಾನೆಯ ಮೂಲ ಆಕಾರದ್ದೇ ಹೊರತು ಆತನು ತಿದ್ದಿದ ಆಕಾರದ್ದಲ್ಲ. ಹಾಗೆಂದು ತುಕ್ಕನ್ನು ಉಳಿಸಿ ಮೇಲೆ ಪುಟ್ಟಿ ಮೆತ್ತಿದರೆ, ಒಂದೆರಡು ಮಳೆಗಾಲಗಳಲ್ಲಿಯೇ ಬಣ್ಣ ಗುಳ್ಳೆಯೇಳುತ್ತದೆ. ಆದ್ದರಿಂದ ಬಲ್ಲವರು ಪಾಲಿಸುವ ನಿಯಮವಿಷ್ಟೇ: ತುಕ್ಕನ್ನು ಒಂದಿಷ್ಟೂ ಉಳಿಸಬಾರದು, ಗಟ್ಟಿ ತಗಡನ್ನು ಒಂದಿಷ್ಟೂ ಕಳೆಯಬಾರದು.

ಕತ್ತರಿಸುವುದಕ್ಕೆ ಮುನ್ನ ಛಾಯಾಚಿತ್ರಗಳನ್ನು ತೆಗೆದು, ಅಳತೆಗಳನ್ನು ಬರೆದಿಟ್ಟು, ತಿರುವುಗಳಿಗೆ ರಟ್ಟಿನ ಅಚ್ಚುಗಳನ್ನು ಕತ್ತರಿಸಿಕೊಳ್ಳಬೇಕು. ಎಡಮಗ್ಗುಲು ಚೆನ್ನಾಗಿದೆಯೆಂದು ಅದನ್ನೇ ಬಲಕ್ಕೆ ಕುರುಡಾಗಿ ನಕಲು ಮಾಡುವಂತಿಲ್ಲ. ಕೈಯಿಂದ ರೂಪುಗೊಂಡ ಕಾರಿನ ಎರಡು ಮಗ್ಗುಲುಗಳು ತದ್ವತ್ತಾಗಿರುವುದಿಲ್ಲ. ಬಳಿಕ ಹಳೆಯ ಸೀಸವನ್ನು ಹದವಾದ ಶಾಖದಿಂದ ಮೆತ್ತಗಾಗಿಸಿ ಉಜ್ಜಿ ತೆಗೆಯಬೇಕು. ಅದು ಉಳಿದರೆ ವೆಲ್ಡಿಂಗ್ ಕೆಡುತ್ತದೆ. ಇಲ್ಲಿ ಎಚ್ಚರಿಕೆ ಅಗತ್ಯ. ಸೀಸವನ್ನು ಗ್ರೈಂಡರಿನಿಂದ ಉಜ್ಜಬಾರದು. ಅದರ ಧೂಳು ವಿಷ. ಬಟ್ಟೆಗೆ ಅಂಟಿ ಮನೆ ಸೇರಿದರೆ ಎಳೆಯ ಮಕ್ಕಳಿಗೆ ಇನ್ನೂ ಹೆಚ್ಚಿನ ಹಾನಿ. ಮುಖಕ್ಕೆ ತಕ್ಕ ರಕ್ಷಣೆ, ಕೆಲಸಕ್ಕೆ ಬೇರೆಯೇ ಉಡುಪು, ಊಟಕ್ಕೆ ಮುನ್ನ ಕೈ ತೊಳೆಯುವ ಶಿಸ್ತು ಇರಲೇಬೇಕು.

ತೇಪೆಯ ತಗಡು ಮೂಲದಷ್ಟೇ, ಅಂದರೆ ಸುಮಾರು 1 ಮಿಲಿಮೀಟರ್ ದಪ್ಪವಿದ್ದು, ಅಂಚಿಗೆ ಅಂಚು ತಾಗುವಂತೆ ಕೂರಬೇಕು. ಒಂದೇ ಸಮನೆ ಬೆಸೆಯುತ್ತಾ ಹೋದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಆದುದರಿಂದ ಇಲ್ಲೊಂದು, ಅಲ್ಲೊಂದು ಚುಕ್ಕೆ ಬೆಸುಗೆ ಹಾಕಿ, ಆರಲು ಬಿಟ್ಟು, ಮತ್ತೆ ಮುಂದುವರಿಯಬೇಕು. ಆರುವಾಗ ಬೆಸುಗೆಯ ಗೆರೆ ಕುಗ್ಗುತ್ತದೆ. ಒಳಗಿನಿಂದ ಡಾಲಿಯೆಂಬ ಉಕ್ಕಿನ ಗಟ್ಟಿಯನ್ನು ಆನಿಸಿ ಹೊರಗಿನಿಂದ ಸುತ್ತಿಗೆಯಿಂದ ಮೆಲ್ಲನೆ ಬಡಿದು ಅದನ್ನು ಹಿಗ್ಗಿಸಬೇಕು. ಅವಸರದವನಿಗೆ ಈ ಕೆಲಸ ಒಲಿಯದು.

ಕೊನೆಗೆ ಉಳಿಯುವ ಸಣ್ಣ ತಗ್ಗುಗಳಿಗೆ ಮಾತ್ರ ಸೀಸ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವಂತೆಯೇ ಮೊದಲು ತಗಡಿಗೆ ತವರದ ತೆಳುಲೇಪ ಕೊಡುತ್ತಾರೆ. ಅನಂತರ ನೂರಕ್ಕೆ 30 ಪಾಲು ತವರ, 70 ಪಾಲು ಸೀಸ ಸೇರಿದ ಸಲಾಕೆಯನ್ನು ಕಾಯಿಸುತ್ತಾರೆ. ಇದು 183 ಡಿಗ್ರಿ ಸೆಲ್ಸಿಯಸ್‌ನಿಂದ ಸುಮಾರು 255 ಡಿಗ್ರಿಯವರೆಗೆ ಪೂರ್ತಿ ಗಟ್ಟಿಯೂ ಅಲ್ಲದ, ಪೂರ್ತಿ ನೀರೂ ಅಲ್ಲದ ಬೆಣ್ಣೆಯ ಹದದಲ್ಲಿರುತ್ತದೆ. ಆ ಹದದಲ್ಲಿಯೇ ಮರದ ಹುಟ್ಟಿನಿಂದ ಹರಡಿ, ತಣಿದ ಮೇಲೆ ಅರದಿಂದ ತೀಡುತ್ತಾರೆ. ಸೀಸರಹಿತ ಮಿಶ್ರಲೋಹಗಳೂ ಈಗ ದೊರೆಯುತ್ತವೆ. ಬಳಿಕ ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುವುದು ವಾಡಿಕೆ. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ತಿಳಿಯುತ್ತದೆ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಒಳಮೈಯನ್ನು ತೊಳೆದು, ಒಣಗಿಸಿ, ತುಕ್ಕುನಿರೋಧಕವನ್ನು ಬಳಿದು, ನೀರಿನ ತೂತುಗಳನ್ನು ತೆರೆದಿಡಬೇಕು. ಪ್ರದರ್ಶನದಲ್ಲಿ ಈ ಭಾಗವನ್ನು ಯಾರೂ ನೋಡುವುದಿಲ್ಲ, ಯಾರೂ ಮೆಚ್ಚುವುದಿಲ್ಲ. ಆದರೆ ಮುಂದಿನ ಐವತ್ತು ವರ್ಷ ಆ ಕಾರು ಬಾಳುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಅಲ್ಲಿಯೇ. ಪ್ರಿಯ ವಾಚಕರೇ, ಯಾರೂ ನೋಡದ ಕಡೆ ಅಚ್ಚುಕಟ್ಟಾಗಿ ದುಡಿದವನ ಹೆಸರು ಕಾರಿನ ಮೇಲೆ ಬರೆದಿರುವುದಿಲ್ಲ. ಎಷ್ಟೋ ವರ್ಷಗಳ ನಂತರ ಯಾರೋ ಒಬ್ಬರು ಮೊಣಕಾಲೂರಿ ಕುಳಿತು ಆ ಅಂಚನ್ನು ಬೆರಳಿನಿಂದ ಸವರಿ, ತಗಡು ಗಟ್ಟಿಯಾಗಿದೆಯೆಂದು ತಲೆದೂಗಿದರೆ, ಆತನಿಗೆ ಸಲ್ಲಬೇಕಾದ ಗೌರವ ಸಂದಂತೆಯೇ.