ಕೆಟ್ಟ ಲೆಕ್ಕದ ಕಡತವನ್ನು ಉಳಿಸಿಕೊಳ್ಳುವ ಬಗೆ

ಮನೆಯ ಜಮಾಖರ್ಚನ್ನು ದಿನವಹಿ ಪುಸ್ತಕದಲ್ಲಿ ಬರೆಯುತ್ತಿದ್ದ ಗೃಹಸ್ಥರು ಅನೇಕರು ಈಗ ಅದನ್ನು ಗಣಕಯಂತ್ರಕ್ಕೆ ಒಪ್ಪಿಸಿರುವರು. ನಾನೂ ವೃತ್ತಿಯಿಂದ ನಿವೃತ್ತನಾದ ಬಳಿಕ, ಉಚಿತವಾಗಿ ದೊರೆಯುವ ‘ಗ್ನೂಕ್ಯಾಶ್’ ಎಂಬ ತಂತ್ರಾಂಶದಲ್ಲಿ ಲೆಕ್ಕವಿಡುತ್ತಿದ್ದೇನೆ. ಪತಿಯನ್ನು ಕಳೆದುಕೊಂಡ ನನ್ನ ತಂಗಿಯ ಹಣದ ಲೆಕ್ಕವೂ ಅದರಲ್ಲಿಯೇ ಇರುವುದು. ಒಂದು ಸಂಜೆ ಕಡತವನ್ನು ಉಳಿಸುತ್ತಿರುವಾಗಲೇ ವಿದ್ಯುತ್ತು ನಿಂತುಹೋಯಿತು. ಮರಳಿ ಬಂದಾಗ ಕಡತವು ತೆರೆಯಲೊಲ್ಲದು! ಪರಧನಕ್ಕೆ ಹೊಣೆಯಾದವನಿಗೆ ಆಗ ಉಂಟಾಗುವ ತಳಮಳವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಂತಹ ಸಮಯದಲ್ಲಿ ಮೊದಲು ಬೇಕಾದುದು ತಾಳ್ಮೆ. ‘ಕಡತವನ್ನು ಬೇರೊಬ್ಬರು ಬಳಸುತ್ತಿರಬಹುದು’ ಎಂಬರ್ಥದ ಸೂಚನೆ ಬಂದರೆ, ಅಷ್ಟರಿಂದಲೇ ಅದು ಕೆಟ್ಟಿತೆಂದು ಭಾವಿಸಲಾಗದು. ಯಂತ್ರವು ಅಕಸ್ಮಾತ್ತಾಗಿ ನಿಂತಾಗ ಬೀಗದ ಗುರುತಿನ ಚಿಕ್ಕ ಕಡತವೊಂದು ಉಳಿದುಕೊಳ್ಳುವುದರಿಂದ ಹೀಗಾಗುತ್ತದೆ. ಲೆಕ್ಕವು ಬೇರೆಡೆ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು ಮುಂದುವರಿಯಬಹುದು.

ನಿಜವಾಗಿಯೇ ಕೆಟ್ಟಿದ್ದರೆ, ಏನನ್ನೂ ಅಳಿಸದೆ, ಕಡತಗಳಿರುವ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡತಕ್ಕದ್ದು. ಈ ತಂತ್ರಾಂಶವು ಪ್ರತಿಸಲ ಉಳಿಸುವಾಗಲೂ ಹಿಂದಿನ ಪ್ರತಿಯನ್ನು, ಅದರ ಹೆಸರಿಗೆ ದಿನಾಂಕ ಮತ್ತು ವೇಳೆಯ ಅಂಕಿಗಳನ್ನು ಸೇರಿಸಿ, ಅದೇ ಫೋಲ್ಡರಿನಲ್ಲಿ ತೆಗೆದಿಡುವುದು. ನಾವು ಬದಲಿಸದಿದ್ದರೆ ಅವು 30 ದಿನ ಉಳಿಯುವುವು. ಅವುಗಳಲ್ಲಿ ತೆರೆಯಬಲ್ಲ ತೀರ ಇತ್ತೀಚಿನದನ್ನು ತೆರೆದು ಹೊಸ ಹೆಸರಿನಿಂದ ಉಳಿಸಬೇಕು. ಅದೇ ಅಂಕಿಗಳನ್ನು ಹೊತ್ತು ‘ಲಾಗ್’ ಎಂದು ಕೊನೆಗೊಳ್ಳುವ ಇನ್ನೊಂದು ಕಡತದಲ್ಲಿ ಆ ಬಳಿಕ ಬರೆದ ವ್ಯವಹಾರಗಳು ದಾಖಲಾಗಿರುತ್ತವೆ; ಆಮದು ಪಟ್ಟಿಯಲ್ಲಿರುವ ಆಜ್ಞೆಯೊಂದರಿಂದ ಅವನ್ನು ಲೆಕ್ಕಕ್ಕೆ ಮರಳಿಸಬಹುದು. ಅಂಕಿ ಹೊಂದದ ಲಾಗನ್ನು ಸೇರಿಸಿದರೆ ಲೆಕ್ಕವೆಲ್ಲ ಕಲಸಿಹೋದೀತು, ಎಚ್ಚರ!

ಇಷ್ಟಕ್ಕೇ ನಿಶ್ಚಿಂತರಾಗಬಾರದು. ಒಂದು ಅಗುಳನ್ನು ಹಿಸುಕಿ ಅನ್ನವೆಲ್ಲ ಬೆಂದಿತೆನ್ನುವ ಸ್ಥಾಲೀಪುಲಾಕ ನ್ಯಾಯವು ಇಲ್ಲಿ ಸಲ್ಲದು. ಬ್ಯಾಂಕಿನ ಪಾಸ್‌ಪುಸ್ತಕದೊಡನೆಯೂ ಪೆಟ್ಟಿಗೆಯ ನಗದಿನೊಡನೆಯೂ ಒಂದೊಂದು ಬಾಬನ್ನೂ ತಾಳೆ ನೋಡಬೇಕು. ನಾನು ನೋಡಿದಾಗ 340 ರೂಪಾಯಿ ಹೊಂದಲಿಲ್ಲ. ಚೀಟಿಗಳನ್ನು ಹುಡುಕಲಾಗಿ ತಂಗಿಯ ಔಷಧಿಯ ರಸೀತಿ ಸಿಕ್ಕಿತು. ಅದನ್ನು ಬರೆಯಲು ನಾನೇ ಮರೆತಿದ್ದೆ. ಯಂತ್ರದ ದೋಷವನ್ನು ಅರಸಹೋದವನಿಗೆ ಸ್ವದೋಷವು ಕಂಡಿತು.

ಇನ್ನೊಂದು ಮಾತು. ಪ್ರತಿಗಳೆಲ್ಲ ಒಂದೇ ಯಂತ್ರದಲ್ಲಿದ್ದರೆ, ಆ ಯಂತ್ರವೇ ಕೆಟ್ಟ ದಿನ ಗತಿಯಿಲ್ಲ. ಆದಕಾರಣ ಈಗ ತಿಂಗಳ ಕೊನೆಗೊಮ್ಮೆ ನಕಲೊಂದನ್ನು ತೆಗೆದು ತಂಗಿಯ ಮನೆಯಲ್ಲಿ ಇಟ್ಟುಬರುತ್ತಿದ್ದೇನೆ. ಹಣ ಅವಳದು, ಲೆಕ್ಕವೂ ಅವಳ ಕೈಯಲ್ಲಿರುವುದೇ ಯುಕ್ತ.